ನಾಲ್ಕನೆಯ ಡೆಕ್ಕಿನಲ್ಲಿ ಉಳಿದ ಪದ

ಇದನ್ನು ನಂಬಿ ಎಂದು ಬೇಡಿಕೊಳ್ಳುವುದಿಲ್ಲ. ಎಂಬತ್ತಾರನೆಯ ಇಸವಿಯ ನನ್ನ ಡೈರಿ ಇನ್ನೂ ನನ್ನ ಹತ್ತಿರವಿದೆ. ಆ ರಾತ್ರಿಯ ನಿಮಿಷ ನಿಮಿಷವೂ ಅದರಲ್ಲಿದೆ. ಒಂದು ಸುಳ್ಳೂ ಇದೆ.

ಆಗ ನಾನು ಹಗರಿಬೊಮ್ಮನಹಳ್ಳಿಯ ಒಂದು ಕ್ಯಾಸೆಟ್ ಅಂಗಡಿಯಲ್ಲಿದ್ದೆ. ಒಂದೇ ಮರದ ಪೆಟ್ಟಿಗೆಯಲ್ಲಿ ಕ್ಯಾಸೆಟ್ ಓಡಿಸುವ ಐದು ಡೆಕ್ಕು. ಒಂದರಲ್ಲಿ ಮೂಲ ಕ್ಯಾಸೆಟ್ ಓಡಿದರೆ ಉಳಿದ ನಾಲ್ಕರಲ್ಲಿ ನಕಲು ಇಳಿಯುತ್ತಿತ್ತು. ಒಂದು ಬದಿಗೆ ಹದಿನೈದು ನಿಮಿಷ ಸಾಕು. ಆ ವಾರ ಇಪ್ಪತ್ತೊಂದು ಹಿಡಿಯುತ್ತಿತ್ತು.

ಸಂಜೆ ಮಾಗಳದ ನಾಗಪ್ಪಣ್ಣ ಬಂದರು. ತೀರಿಕೊಂಡ ಅವ್ವನ ದನಿ ಇದ್ದ ಒಂದೇ ಒಂದು ಕ್ಯಾಸೆಟ್ ತಂದಿದ್ದರು. ಜೋಳ ಬೀಸುತ್ತ ಹಾಡುವ ಪದಗಳು. ಕೊನೆಗೆ ತನ್ನ ನಾಲ್ಕು ಹೆಣ್ಣುಮಕ್ಕಳಿಗೂ ಒಂದೊಂದು ಪದ ಕಟ್ಟಿ ಹಾಡಿದ್ದಳು. ಕಡೆಯದು ಕಿರಿಯವಳು ಗಂಗವ್ವನದು. ಮರುದಿನದ ತಿಥಿ ಕಾರ್ಯಕ್ಕೆ ನಾಲ್ವರೂ ಬರುವವರಿದ್ದರು. ತಲಾ ಒಂದು ನಕಲು ಬೇಕಿತ್ತು.

ಮೂಲ ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ಚೂರು ಮುರಿಯುವುದು ನಮ್ಮ ಪದ್ಧತಿ. ಮುರಿದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಸ್ಕ್ರೂಡ್ರೈವರ್ ಎತ್ತಿದೆ. ಅವರು ಕೈ ಹಿಡಿದರು.

"ಮುರಿಬ್ಯಾಡೋ ತಮ್ಮಾ. ಕಾರ್ಯ ಇನ್ನಾ ಮುಗಿದಿಲ್ಲ, ಅವ್ವಂದು ಏನೂ ಮುರಿಯಂಗಿಲ್ಲ."

"ಆತ್ ಬಿಡ್ರಿ ಅಣ್ಣ."

"ನಿನ್ನ ಮಷೀನಿಗಿಂತ ನಮ್ಮವ್ವನ ಬೀಸೋ ಕಲ್ಲು ಜೋರ್ ತಿರುಗತಿತ್ತಲ್ಲೋ!" ಎಂದು ನಕ್ಕು, ಮುಂಜಾನೆ ಬರುವುದಾಗಿ ಹೇಳಿ ಹೋದರು.

ಪಂಪ್‌ಸೆಟ್ಟುಗಳು ನಿಂತು ಕರೆಂಟು ಸರಿಯಾದಾಗ ರಾತ್ರಿ ಹನ್ನೊಂದು. ಮೂಲದ ಜಾಗದಲ್ಲಿ ಒಂದು ಖಾಲಿ ಕ್ಯಾಸೆಟ್ ಓಡಿಸಿ, ಒಂದೊಂದೇ ನಕಲು ಡೆಕ್ಕು ಜೋಡಿಸುತ್ತ ಬಂದೆ. ಮೂರರವರೆಗೆ ವೇಗ ಸರಿ. ನಾಲ್ಕನೆಯದು ಸೇರಿದೊಡನೆ ಎಲ್ಲವೂ ನಿಧಾನ. ಅದರ ಚಕ್ರ ಬಿಗಿಯಾಗಿದೆಯೇ ನೋಡಲು, ಕೈಗೆ ಸಿಕ್ಕ ಅವ್ವನ ಕ್ಯಾಸೆಟ್ಟನ್ನೇ ಅದಕ್ಕೆ ಹಾಕಿದೆ. ನಾಗಪ್ಪಣ್ಣ ಕೇಳಿ ನಿಲ್ಲಿಸಿದ್ದ ಟೇಪು ಕಡೆಯ ಪದದ ಹತ್ತಿರವೇ ನಿಂತಿತ್ತು. ಅಭ್ಯಾಸದ ಬೆರಳು ರೆಕಾರ್ಡ್ ಗುಂಡಿ ಒತ್ತಿತು...

ಕೆಂಪು ದೀಪ ಕಂಡಾಗ ನಲವತ್ತು ಸೆಕೆಂಡು ಕಳೆದಿತ್ತು.

ಹಿಂದಕ್ಕೆ ಓಡಿಸಿ ಕೇಳಿದೆ. ಮೂರು ಮಕ್ಕಳ ಪದ. ಆಮೇಲೆ ಬರೀ ಸುಯ್ ಎನ್ನುವ ಸದ್ದು. ಗಂಗವ್ವನ ಪದ ಇರಲಿಲ್ಲ.

"ತಪ್ಪಾತವ್ವ..." ಖಾಲಿ ಅಂಗಡಿಯಲ್ಲಿ ಪಿಸುಗುಟ್ಟಿದೆ.

ನಿಧಾನಕ್ಕೆ ಕಾರಣವೂ ಸಿಕ್ಕಿತು. ಎಲ್ಲ ಡೆಕ್ಕಿಗೂ ಒಂದೇ ತೆಳು ವೈರಿನಿಂದ ಕರೆಂಟು. ನಾಲ್ಕನೆಯದಕ್ಕೆ ಬೇರೆ ವೈರು ಕೊಟ್ಟು, ಉಳಿದಷ್ಟನ್ನೇ ನಕಲಿಗೆ ಹಾಕಿದೆ. ಮೂರು ಚಕ್ರ ಸರ್ರನೆ ತಿರುಗಿದವು. ನಾಲ್ಕನೆಯದು... ಯಾರೋ ಕೈಯಿಂದ ಬೀಸುವ ಹಾಗೆ, ತಡೆದು ತಡೆದು. ಘರ್... ಘರ್... ಬಾಗಿಲು ಹಾಕಿದ ಅಂಗಡಿಯಲ್ಲಿ, ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ವಾಸನೆ. ಆಫ್ ಮಾಡಲು ಕೈ ಏಳಲಿಲ್ಲ.

ಆದರೂ ನಾಲ್ಕೂ ಒಟ್ಟಿಗೇ ಮುಗಿದವು. ಹದಿನೈದು ನಿಮಿಷ.

ಮುಂಜಾನೆ ನಾಗಪ್ಪಣ್ಣನಿಗೆ ಹೇಳಿದೆ: "ಹಳೇ ಟೇಪ್ರಿ ಅಣ್ಣ. ಕಡೀಕ್ ಒಂದೀಟು ಮೊದ್ಲೇ ಅಳಿಸಿ ಹೋಗಿತ್ತು."

ಅವರು ಕ್ಯಾಸೆಟ್ಟನ್ನು ಕಣ್ಣಿಗೊತ್ತಿಕೊಂಡರು. "ನಿಂದೇನ್ ತಪ್ಪೈತಿ ಬಿಡೋ ತಮ್ಮಾ."

ವಾರದ ಮೇಲೆ ಮತ್ತೆ ಬಂದರು.

"ಗಂಗವ್ವಗ ಕೊಟ್ಟ ಕ್ಯಾಸೆಟ್‌ನ್ಯಾಗ ಆಕಿ ಪದ ಐತಲ್ಲೋ! ಉಳಿದ ಮೂರರಾಗ ಇಲ್ಲ, ಅವ್ವನ ಕ್ಯಾಸೆಟ್‌ನ್ಯಾಗೂ ಇಲ್ಲ."

ಅಂಗಡಿಯಲ್ಲಿ ಓಡುತ್ತಿದ್ದ ಹಾಡು ನಿಲ್ಲಿಸಿದೆ.

"ಪದ ಮುಗಿದ ಮ್ಯಾಲೆ ಯಾರೋ ಗಂಡಸು 'ತಪ್ಪಾತವ್ವ' ಅಂತಾನ. ನಿನ್ನ ದನಿ ಇದ್ದಂಗೈತಿ."

ನಮ್ಮ ಪೆಟ್ಟಿಗೆಗೆ ಮೈಕೇ ಇರಲಿಲ್ಲ.

"ನಾನಲ್ರಿ ಅಣ್ಣ," ಅಂದೆ. ಅದು ಅವರಿಗೆ ಹೇಳಿದ ಎರಡನೆಯ ಸುಳ್ಳು. ಅವರು ಮೆಟ್ಟಿಲು ಇಳಿದು ಹೋದರು.

ಡೈರಿಯಲ್ಲಿ ಆ ರಾತ್ರಿಯ ವೇಳೆ, ಡೆಕ್ಕು, ನಿಮಿಷ ಎಲ್ಲ ಸರಿಯಾಗಿದೆ. 'ದೋಷ' ಎಂಬಲ್ಲಿ 'ವೈರು' ಎಂದಷ್ಟೇ ಬರೆದಿದ್ದೇನೆ. ಅದನ್ನು ಹೊಡೆದು ನನ್ನ ಹೆಸರು ಬರೆಯಲು ಎಷ್ಟೋ ಸಲ ಪೆನ್ನು ತೆಗೆದಿದ್ದೇನೆ. ಪೆನ್ನು ಕಾಗದ ಮುಟ್ಟುವ ಮೊದಲೇ ಜೋಳದ ಹಿಟ್ಟಿನ ವಾಸನೆ ಬರುತ್ತದೆ...