ಸ್ಪಿರಿಟ್ ವಾಸನೆಯ ಅಂಗಿ

ಬಡಗಿಗಳ ಬೀದಿಯಲ್ಲಿ ಅವನನ್ನು ಎಲ್ಲರೂ ಕನ್ನಡಿ ಎಂದೇ ಕರೆಯುತ್ತಿದ್ದರು. ಮರಕ್ಕೆ ಪಾಲಿಷ್ ಹಾಕುವುದು ಅವನ ಕಸುಬು. ಅವನ ಕೈ ಆಡಿದ ಮೇಜಿನ ಮೇಲೆ ಬಗ್ಗಿ ನೋಡಿದರೆ ಮೂಗಿನ ಮೇಲಿನ ಮಚ್ಚೆಯೂ ಕಾಣಬೇಕು, ಅಂಥ ಹೊಳಪು. ಮೊದಲ ಸಲ ಹುಡುಗಿಯ ಮನೆಗೆ ಬಂದಾಗ ಅವಳನ್ನು ನೋಡುವ ಮೊದಲು ಅಲ್ಲಿದ್ದ ಹಳೇ ಬೀರುವನ್ನು ಬೆರಳಿನಿಂದ ಸವರಿ, "ಅಯ್ಯೋ, ಯಾರೋ ಇದಕ್ಕೆ ಬ್ರಶ್ಶಲ್ಲಿ ಬಳಿದು ಕೊಂದೇಬಿಟ್ಟಿದ್ದಾರಲ್ಲ" ಎಂದು ಮರುಗಿದ್ದ. ಒಂದು ಬೀರುವಿಗೆ ಇಷ್ಟು ಮರುಗುವವನು ನನಗೂ ಸ್ವಲ್ಪ ಮರುಗಿಯಾನು ಎಂದುಕೊಂಡು ಅವಳು ಒಪ್ಪಿದಳು.

ಅವನ ಕೆಲಸದ ರೀತಿ ಹೀಗೆ: ಅರಗಿನ ಚಕ್ಕೆಗಳನ್ನು ಸ್ಪಿರಿಟ್‌ನಲ್ಲಿ ನೆನೆಹಾಕಿ ಕರಗಿಸಬೇಕು. ಹತ್ತಿಯ ಉಂಡೆಯೊಂದನ್ನು ಹಳೇ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಅದರಲ್ಲಿ ಅದ್ದಿ, ಮರದ ಮೇಲೆ ಸುತ್ತು ಸುತ್ತಾಗಿ ತೀಡಬೇಕು. ಉಂಡೆ ಮರಕ್ಕೆ ತಗಲಿರುವಷ್ಟು ಹೊತ್ತು ಕೈ ನಿಲ್ಲುವಂತಿಲ್ಲ. ಒಂದು ಸೀನು ಬಂದು ಕೈ ನಿಂತರೂ ಉಂಡೆ ಅಲ್ಲೇ ಕಚ್ಚಿಕೊಂಡು ಕಲೆ ಬೀಳುತ್ತದೆ. ಆಮೇಲೆ ಉಪ್ಪುಕಾಗದ ಹಿಡಿದು ಎಲ್ಲ ಉಜ್ಜಿ ಮತ್ತೆ ಮೊದಲಿನಿಂದ. ಸಂಜೆಯ ಹೊತ್ತಿಗೆ ಅಂಗಿ, ತಲೆಗೂದಲು, ಊಟದ ಡಬ್ಬಿಯ ಮುಚ್ಚಳ ಎಲ್ಲವೂ ಸ್ಪಿರಿಟ್ ಸ್ಪಿರಿಟ್.

ಹಾಗಾಗಿ ಮದುವೆಯ ಹೊಸದರಲ್ಲಿ ಅವಳ ಅಮ್ಮ ಹೆಬ್ಬೆರಳನ್ನು ಬಾಯಿಯ ಕಡೆ ತೋರಿಸಿ, "ಏನೇ, ಅಳಿಯಂದ್ರು ಸ್ವಲ್ಪ ಹೀಗೇನಾ?" ಎಂದು ಪಿಸುಗುಟ್ಟಿದಾಗ ಅವಳು ಮುಖ ಕೆಂಪಗೆ ಮಾಡಿಕೊಂಡು, "ಥೂ, ಬಿಡಮ್ಮ! ಅದು ಕೆಲಸದ ವಾಸನೆ. ಹೂ ಮಾರೋರ ಮೈ ಹೂವಿನ ವಾಸನೆ ಬರಲ್ವಾ?" ಎಂದು ದಬಾಯಿಸಿದ್ದಳು. ಆ ಮಾತನ್ನು ಎರಡು ವರ್ಷ ನೆಂಟರಿಗೆ, ಅಕ್ಕಪಕ್ಕದವರಿಗೆ, ಕೇಳದವರಿಗೂ ಹೇಳಿದಳು. ಬೇರೆ ಯಾವ ಕಸುಬಿನವನ ಹೆಂಡತಿಯಾಗಿದ್ದರೂ ಒಂದೇ ವಾರದಲ್ಲಿ ಗಂಡನ ಕುಡಿತವನ್ನು ಕಂಡುಹಿಡಿಯುತ್ತಿದ್ದಳು. ಪಾಲಿಷಿನವನ ಹೆಂಡತಿಯ ಮೂಗನ್ನು ಅವನ ಅಂಗಿ ಮೊದಲೇ ಸೋಲಿಸಿಬಿಟ್ಟಿತ್ತು.

ಅವನು ಕುಡಿಯಲು ಶುರುಮಾಡಿದ್ದು ಇಪ್ಪತ್ತೊಂದನೇ ವಯಸ್ಸಿಗೆ. ಕೆಲಸ ಮುಗಿದ ಮೇಲೆ ಗಂಟಲಿನ ಮರದ ಪುಡಿ ತೊಳೆಯಲು ಎಂದು ಎಲ್ಲರ ಜೊತೆ ಒಂದು ಗ್ಲಾಸು. ವಯಸ್ಸಿನ ಹುಡುಗರು, ಬೆಳಿಗ್ಗೆ ಎದ್ದರೆ ಏನೂ ಆಗಿಲ್ಲವೆಂಬಂತೆ ಇರುತ್ತಿದ್ದರು. ಇಪ್ಪತ್ಮೂರಕ್ಕೆ ಸಂಜೆಗೆ ಅರ್ಧ ಬಾಟಲಿ. ಇಪ್ಪತ್ತೈದಕ್ಕೆ ಬೆಳಗಿನ ಹೊತ್ತು ಕೈ ನಡುಗತೊಡಗಿತು. ನಡುಗುವ ಕೈಗೆ ಮರ ಒಲಿಯುವುದಿಲ್ಲ. ಒಂದು ಗುಟುಕು ಹಾಕಿದರೆ ನಡುಕ ನಿಲ್ಲುತ್ತಿತ್ತು. ಹಾಗೆ ಕುಡಿತ ಬೆಳಿಗ್ಗೆಗೂ ಬಂತು, ಆಮೇಲೆ ಮಧ್ಯಾಹ್ನಕ್ಕೂ. ತೂರಾಡಲಿಲ್ಲ, ಬೈಯಲಿಲ್ಲ, ಒಂದು ದಿನ ಕೆಲಸ ತಪ್ಪಿಸಲಿಲ್ಲ. ಕುಡುಕ ಎಂದರೆ ಚರಂಡಿ ಪಕ್ಕ ಬಿದ್ದಿರುವವನು ಎಂದೇ ಅವನೂ ತಿಳಿದಿದ್ದ.

ಗುಟ್ಟು ಬಯಲಾದದ್ದು ಮಗಳು ಹುಟ್ಟಿದ ದಿನ.

ಹಿಂದಿನ ಮಧ್ಯಾಹ್ನದಿಂದ ಅವನು ಆಸ್ಪತ್ರೆಯಿಂದ ಕದಲಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ನರ್ಸಮ್ಮ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಅವನ ಕೈಗಿಟ್ಟಳು. ಕೈ ಎಷ್ಟು ನಡುಗಿತೆಂದರೆ ಬಟ್ಟೆಯ ಅಂಚು ಪಟಪಟನೆ ಅಲುಗುತ್ತಿತ್ತು. ಹಣೆಯಲ್ಲಿ ಬೆವರು.

"ನೋಡಿ ನೋಡಿ," ಎಂದಳು ಅವನ ತಾಯಿ, ಕಣ್ಣೊರೆಸಿಕೊಳ್ಳುತ್ತ. "ಮೊದಲನೇ ಮಗು ಅಲ್ವಾ, ಖುಷಿಗೆ ನಡುಗ್ತಾ ಇದಾನೆ ನನ್ನ ಮಗ!"

ನರ್ಸಮ್ಮ ಮಗುವನ್ನು ಮೆಲ್ಲಗೆ ವಾಪಸು ತೆಗೆದುಕೊಂಡು ಅವನ ಕಣ್ಣುಗಳನ್ನು ದಿಟ್ಟಿಸಿದಳು. ಬಿಳಿಗುಡ್ಡೆ ತೆಳುವಾಗಿ ಹಳದಿ ತಿರುಗಿತ್ತು.

"ಅಜ್ಜಿ, ಇಪ್ಪತ್ತು ವರ್ಷದಿಂದ ಅಪ್ಪಂದಿರ ಖುಷಿ ನೋಡ್ತಾನೇ ಇದ್ದೀನಿ. ಅದು ಹೀಗೆ ನಡುಗಲ್ಲ." ಆಮೇಲೆ ಅವನಿಗೆ, "ಕೊನೇ ಸಲ ಕುಡಿದಿದ್ದು ಯಾವಾಗ?"

"ನಿನ್ನೆ... ಊಟಕ್ಕೆ ಮುಂಚೆ."

ಮಂಚದ ಮೇಲಿದ್ದ ಹೆಂಡತಿಗೆ ಅದು ಸ್ಪಷ್ಟವಾಗಿ ಕೇಳಿಸಿತು. ತಾನು ಎದ್ದು ಕಟ್ಟಿಕೊಟ್ಟ ಡಬ್ಬಿಯ ಊಟ. ಅದಕ್ಕೆ ಮುಂಚೆ. ಅಳು ಬರಲಿಲ್ಲ, ಹೂ ಮಾರುವವರ ಹೋಲಿಕೆ ನೆನಪಾಗಿ ಕಿವಿ ಬಿಸಿಯಾಯಿತು.

ಅವತ್ತೇ ಅವನನ್ನು ಕೆಳಗಿನ ಗಂಡಸರ ವಾರ್ಡಿಗೆ ಸೇರಿಸಿದರು. "ಇಷ್ಟು ವರ್ಷ ದಿನಾ ಕುಡಿದ ಮೈ ಇದು. ಏಕಾಏಕಿ ನಿಂತರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ," ಎಂದಳು ಡಾಕ್ಟರಮ್ಮ. "ಮನೇಲಿ ಹಟ ಹಿಡಿದು ಬಿಡೋದಲ್ಲ. ಇಲ್ಲಿರಿ, ಔಷಧಿ ಕೊಟ್ಟು ಬಿಡಿಸ್ತೀವಿ." ಐದು ದಿನ ಅತ್ತೆ ಬಿಸಿನೀರಿನ ಫ್ಲಾಸ್ಕು ಹಿಡಿದು ಮೆಟ್ಟಿಲು ಹತ್ತಿ ಇಳಿದಳು. "ಮೇಲೆ ಸೊಸೆ, ಕೆಳಗೆ ಮಗ. ಹೆತ್ತಿದ್ದು ಯಾರು ಅಂತ ಜನ ಕೇಳಿದ್ರೆ ಏನು ಹೇಳಲಿ?" ಎಂದು ಗೊಣಗಿದಾಗ, ಅಷ್ಟು ಸಿಟ್ಟಿನಲ್ಲೂ ಸೊಸೆಗೆ ಹೆರಿಗೆಯ ಹೊಲಿಗೆ ಎಳೆಯುವಷ್ಟು ನಗು ಬಂತು.

ಮೂರನೆಯ ದಿನ ಅವಳೇ ಗೋಡೆ ಹಿಡಿದು ಕೆಳಗಿಳಿದಳು. ಅವನ ಮಂಚದ ಪಕ್ಕ ಡಾಕ್ಟರಮ್ಮ ಕೂತಿದ್ದಳು.

"ದಿನಕ್ಕೆ ಎಷ್ಟು?"

"ಸ್ವಲ್ಪ, ಮೇಡಂ."

"ಹೆಂಡತಿಗೆ ಹೇಳೋದನ್ನ ಆಮೇಲೆ ಹೇಳಿ. ನನಗೆ ನಿಜ ಹೇಳಿ."

ಅವನು ಹೆಂಡತಿಯ ಕಡೆ ನೋಡಿದ. ಬೇರೆ ದಾರಿ ಇರಲಿಲ್ಲ. "ಒಂದು ಬಾಟಲಿ. ಒಂದೊಂದು ದಿನ ಜಾಸ್ತಿ."

ಡಾಕ್ಟರಮ್ಮ ಮುಖ ಸಿಂಡರಿಸಲಿಲ್ಲ. ಲಿವರ್ ನೋವು ಹೇಳಿಕೊಳ್ಳುವ ಅಂಗವಲ್ಲ, ತೆಪ್ಪಗೆ ಹಾಳಾಗುತ್ತದೆ ಎಂದಳು. ಮೊದಲು ಕೊಬ್ಬು ತುಂಬಿಕೊಳ್ಳುತ್ತದೆ, ಆಮೇಲೆ ಊದಿಕೊಳ್ಳುತ್ತದೆ, ಕೊನೆಗೆ ಗಾಯದ ಕಲೆಗಟ್ಟಿ ಗಟ್ಟಿಯಾಗುತ್ತದೆ. "ನೀವೀಗ ಊತದಲ್ಲಿದ್ದೀರಿ. ಇಲ್ಲಿಂದ ವಾಪಸು ಬರಬಹುದು. ಕಲೆ ಕಟ್ಟಿದ ಮೇಲೆ ಬರೋದು ಕಷ್ಟ. ಇಪ್ಪತ್ತೆಂಟಕ್ಕೇ ಬಿಪಿ ಬೇರೆ ಏರಿದೆ. ಹೊಟ್ಟೆಯ ಒಳಗೋಡೆ ಕೆಂಪಾಗಿದೆ."

"ಚಿಕ್ಕ ವಯಸ್ಸು, ತಡ್ಕೊಳ್ಳುತ್ತೆ ಅಂದ್ಕೊಂಡಿದ್ದೆ, ಮೇಡಂ."

"ನಿಮ್ಮ ವಯಸ್ಸು ಲಿವರ್‌ಗೆ ಯಾರು ಹೇಳಿದ್ದಾರೆ? ಇನ್ಮೇಲೆ ಒಂದು ತೊಟ್ಟೂ ಬೇಡ. ಆರು ತಿಂಗಳಿಗೆ ರಕ್ತ ಪರೀಕ್ಷೆ ಮಾಡೋಣ, ಆಗ ಗೊತ್ತಾಗುತ್ತೆ ಎಷ್ಟು ಉಳಿದಿದೆ ಅಂತ."

ಮನೆಗೆ ಬಂದರು. ಕೆಲಸ ಬಿಡುವ ಮಾತು ಒಂದು ದಿನ ಎದ್ದಿತು; ಆದರೆ ಅವನಿಗೆ ಬರುವುದು ಅದೊಂದೇ, ಮತ್ತು ಅದು ಚೆನ್ನಾಗಿ ಬರುತ್ತಿತ್ತು. ಡಾಕ್ಟರಮ್ಮನನ್ನು ಕೇಳಿ, ಕಿಟಕಿ ತೆರೆದಿಟ್ಟು ಮೂಗಿಗೆ ಮಾಸ್ಕ್ ಹಾಕಿ ಕೆಲಸ ಮಾಡುವುದೆಂದು ಆಯಿತು. ತೊಡಕು ಅದಲ್ಲ. ಸಂಜೆ ಆರಕ್ಕೆ ಬಾಗಿಲಲ್ಲಿ ನಿಂತ ಗಂಡ ಮತ್ತೆ ಸ್ಪಿರಿಟ್ ವಾಸನೆಯ ಮುದ್ದೆ. ಅವಳು ಮೂಗು ಮುಂದೆ ಮಾಡಿ ನಿಲ್ಲುವಳು. ಅವನು ತಪ್ಪು ಮಾಡಿದ ಶಾಲೆ ಹುಡುಗನಂತೆ ಬಾಯಿ ತೆರೆದು ನಿಲ್ಲುವನು. ಏನೂ ತಿಳಿಯುತ್ತಿರಲಿಲ್ಲ. ಒಂದು ವಾರ ಹೀಗೆ ನಡೆದು ಇಬ್ಬರಿಗೂ ನಾಚಿಕೆಯಾಯಿತು.

ಅವಳು ಮನೆಯಲ್ಲೇ ಸಿದ್ಧ ಉಡುಪಿನ ಅಂಗಡಿಗೆ ಗುಂಡಿ ಹೊಲಿದು, ಅಂಚು ಮಡಿಸಿ ಕೊಡುತ್ತಿದ್ದಳು. ಮಗು ತೊಡೆಯ ಮೇಲಿದ್ದರೆ ಮತ್ತೆ ಮತ್ತೆ ಸೂಜಿಗೆ ದಾರ ಪೋಣಿಸುವುದು ತಲೆನೋವು. ಕುಡಿದವನ ಕೈ ನಡುಗುವುದು ಬೆಳಗಿನ ಹೊತ್ತು, ಸಂಜೆಯಲ್ಲ ಎಂಬುದು ಅವಳಿಗೆ ಈಗ ಗೊತ್ತಿತ್ತು. ಒಂದು ಬೆಳಿಗ್ಗೆ ಟೀ ಲೋಟದ ಪಕ್ಕ ಸೂಜಿದಿಂಬು ಇಟ್ಟು, "ರೀ, ಕೆಲಸಕ್ಕೆ ಹೋಗೋ ಮುಂಚೆ ಒಂದ್ಹತ್ತು ಸೂಜಿಗೆ ದಾರ ಹಾಕಿಟ್ಟು ಹೋಗ್ತೀರಾ? ಇವಳು ಬಿಡಲ್ಲ," ಎಂದಳು.

ಮೊದಲ ದಿನ ನಾಲ್ಕು ಸೂಜಿ, ಅದಕ್ಕೇ ಅರ್ಧ ಗಂಟೆ. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಮಾಡಿ ಬತ್ತಿಯಾಗಿಸಿದ್ದ. ಹದಿನೈದು ದಿನಕ್ಕೆ ಏಳು. ಎರಡನೇ ತಿಂಗಳು ಹತ್ತಕ್ಕೆ ಹತ್ತು, ಟೀ ಆರುವುದರೊಳಗೆ. ಅವಳು ಬಾಗಿಲ ಬಳಿ ಮೂಗು ಮುಂದೆ ಮಾಡಿ ನಿಲ್ಲುವುದನ್ನು ಬಿಟ್ಟಳು. ಅವನ ಕಣ್ಣಿನ ಹಳದಿ ಹೋಯಿತು, ಹಸಿವು ಬಂತು. "ಏನು ಮಾರಾಯ, ಅನ್ನದ ಪಾತ್ರೆಗೂ ಪಾಲಿಷ್ ಹಾಕ್ತಿದ್ದೀಯಲ್ಲ," ಎಂದು ಅವನ ತಾಯಿ ಹಿಗ್ಗುತ್ತಲೇ ಬೈಯುವಳು.

ಪರೀಕ್ಷೆಗೆ ಮೂರು ವಾರವಿತ್ತು. ಒಂದು ಸಂಜೆ ಅವನು ಬಂದಾಗ ವಾಸನೆ ಅವನಿಗಿಂತ ಮುಂಚೆ ಒಳಗೆ ಬಂತು. ಪ್ಯಾಂಟು ಮೊಣಕಾಲಿನವರೆಗೆ ಒದ್ದೆ. ಕಣ್ಣು ಕೆಂಡದಂತೆ ಕೆಂಪು. ಚೌಕಟ್ಟು ಹಿಡಿದು ನಿಂತ, ಒಂದು ಹೆಜ್ಜೆ ತಪ್ಪಿತು, ಬಚ್ಚಲಿಗೆ ಓಡಿ ವಾಂತಿ ಮಾಡಿದ.

"ಮುಗೀತು," ಎಂದು ಅವನ ತಾಯಿ ಕುಸಿದು ಕೂತಳು. "ಎಲ್ಲ ಮುಗೀತು ಕಣೇ."

ಅವನು ಮುಖ ತೊಳೆದು ಬಂದು, "ಸ್ಪಿರಿಟ್‌ನ ದೊಡ್ಡ ಡಬ್ಬಿ ಕೈಜಾರಿ ಒಡೀತು. ಗಾಳಿಗೆ ಕಿಟಕಿ ಮುಚ್ಕೊಂಡಿತ್ತು, ತೆಗೆಯಕ್ಕೂ ಪುರುಸೊತ್ತಿರಲಿಲ್ಲ, ಎಲ್ಲಾ ಒರೆಸಬೇಕಿತ್ತು. ತಲೆ ಸಿಡೀತಿದೆ," ಎಂದ.

"ಹೂಂ, ಡಬ್ಬಿ!" ಎಂದಳು ತಾಯಿ. "ಫೋನ್ ಮಾಡೇ. ಅವನ ಅಂಗಡಿ ಯಜಮಾನರನ್ನೇ ಕೇಳು, ನಿಜಾನಾ ಸುಳ್ಳಾ ಅಂತ."

ಫೋನು ಅವಳ ಕೈಯಲ್ಲೇ ಇತ್ತು. ಯಜಮಾನರ ನಂಬರೂ ಇತ್ತು. ಅವನು ಬೇಡವೆನ್ನಲಿಲ್ಲ, ಮಾಡು ಎನ್ನಲೂ ಇಲ್ಲ. ಒದ್ದೆ ಪ್ಯಾಂಟಿನ ಅಂಚನ್ನು ಹಿಂಡುತ್ತಿದ್ದ. ಈಗ ಕೇಳಿದರೆ ನಾಳೆಯೂ ಕೇಳಬೇಕು, ನಾಡಿದ್ದೂ ಕೇಳಬೇಕು ಎನ್ನಿಸಿತು ಅವಳಿಗೆ. ಕೇಳದಿದ್ದರೆ, ಮತ್ತು ಅವನು ಕುಡಿದೇ ಬಂದಿದ್ದರೆ, ಐದು ತಿಂಗಳು ನೀರುಪಾಲು. ಅವಳು ಫೋನನ್ನು ತೊಟ್ಟಿಲ ಪಕ್ಕ ಇಟ್ಟಳು.

"ಸ್ನಾನ ಮಾಡಿ ಬನ್ನಿ. ಬಟ್ಟೆ ಹೊರಗೆ ಗಾಳಿಗೆ ಹಾಕ್ತೀನಿ. ಅತ್ತೆ, ನೀವೂ ಏಳಿ."

ಬೆಳಿಗ್ಗೆ ಎಂದಿನಂತೆ ಟೀ ಇಟ್ಟಳು, ಸೂಜಿದಿಂಬು ಇಟ್ಟಳು. ಒಂದು ಸಂಜೆಯ ಕುಡಿತ ಸೂಜಿಯಲ್ಲಿ ಕಾಣುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಅವನು ಹತ್ತಕ್ಕೂ ದಾರ ಹಾಕಿ, ದಿಂಬಿಗೆ ಸಾಲಾಗಿ ಚುಚ್ಚಿದ.

"ಇದು ಯಾಕೆ ಮಾಡಿಸ್ತೀಯ ಅಂತ ನನಗೆ ಮೊದಲ ದಿನವೇ ಗೊತ್ತಾಗಿತ್ತು," ಎಂದ.

ಅವಳ ಕೈ ಮಗುವಿನ ಬೆನ್ನಿನ ಮೇಲೆ ನಿಂತಿತು. "ಮತ್ತೆ ಹೇಳಲೇ ಇಲ್ಲ?"

"ಬಾಯಿ ಮೂಸೋದಕ್ಕಿಂತ ಇದು ಎಷ್ಟೋ ಚೆನ್ನಾಗಿತ್ತಲ್ಲ." ಟೀ ಕುಡಿದು ಲೋಟ ಕೆಳಗಿಟ್ಟ. "ನಿನ್ನೆ ನೀನು ಫೋನ್ ಮಾಡ್ತೀಯ ಅಂದ್ಕೊಂಡಿದ್ದೆ. ಮೂರು ವಾರ ಕಾಯೋದು ಬೇಡ. ಇವತ್ತೇ ಹೋಗೋಣ ಬಾ, ಇವತ್ತೇ ರಕ್ತ ಕೊಡ್ತೀನಿ."

ರಕ್ತ ಕೊಟ್ಟು ಬಂದರು. ಮರುದಿನ ಮಧ್ಯಾಹ್ನ ಡಾಕ್ಟರಮ್ಮ ಕಾಗದವನ್ನು ಮೇಜಿನ ಮೇಲೆ ಬಿಡಿಸಿ ಕನ್ನಡಕ ಏರಿಸಿದಳು. ಆ ಮೇಜಿನ ಪಾಲಿಷ್ ಒಂದು ಕಡೆ ಎದ್ದಿತ್ತು. ಅವನ ಬೆರಳು ತಾನಾಗಿ ಅಲ್ಲಿಗೆ ಹೋಯಿತು.

"ಮುಟ್ಟೋದು ಬಿಟ್ಟು ಇಲ್ಲಿ ಕೇಳಿ. ಊತ ಇಳಿದಿದೆ. ಅಂಕಿಗಳು ಸುಮಾರಾಗಿ ಎಲ್ಲರ ಹಾಗೇ ಇವೆ. ಐದು ತಿಂಗಳು ಬಿಟ್ಟೇ ಇದ್ದಿರಿ ಅಂತ ಇದನ್ನ ನೋಡಿದ್ರೆ ಗೊತ್ತಾಗುತ್ತೆ. ಆದರೆ ವಾಸಿಯಾಯ್ತು ಅಂತ ಒಂದು ಗ್ಲಾಸು ಹಾಕಿದ್ರೆ ಮತ್ತೆ ಅದೇ ದಾರಿ."

"ಇಲ್ಲ ಮೇಡಂ."

ಹೆಂಡತಿ ಮೊನ್ನೆಯ ಡಬ್ಬಿಯ ಕಥೆ ಹೇಳಿದಳು. ಡಾಕ್ಟರಮ್ಮ ಅವನನ್ನು, ಮುಚ್ಚಿದ ಕೋಣೆಯಲ್ಲಿ ಅಷ್ಟು ಸ್ಪಿರಿಟ್ ಉಸಿರಾಡಿದ್ದಕ್ಕೆ, ಬೇರೆಯಾಗಿ ಬೈದಳು. ಆಮೇಲೆ ಅವಳ ಕಡೆ ತಿರುಗಿ, "ಆ ಒಂದು ಸಂಜೆಯ ವಿಷಯ ಈ ಕಾಗದ ಹೇಳಲ್ಲಮ್ಮ, ಅದು ಗೊತ್ತಿರಲಿ," ಎಂದಳು.

"ಆ ಸಂಜೆಯದು ನಾನು ಕೇಳಲಿಲ್ಲವಲ್ಲ, ಮೇಡಂ."

ಮನೆಗೆ ಬಂದರೆ ಅತ್ತೆ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತ ಬಂದು, ಚಪ್ಪಲಿ ಬಿಡುವ ಮೊದಲೇ ಸೊಸೆಯನ್ನು ಅಡುಗೆಮನೆಗೆ ಎಳೆದಳು.

"ಅವನ ಅಂಗಡಿಗೆ ಹೋಗಿದ್ದೆ ಕಣೇ. ಡಬ್ಬಿ ಒಡೆದಿದ್ದು ನಿಜ. ನೆಲದ ಬಣ್ಣವೇ ಕಿತ್ತು ಬಂದಿದೆ! ಯಜಮಾನರು ಇನ್ನೂ ಬೈತಾನೇ ಇದಾರೆ."

"ನಾನು ಕೇಳಿದ್ನಾ ಅತ್ತೆ?"

"ನೀನು ದೊಡ್ಡ ಮನಸ್ಸಿನೋಳು. ನಾನು ಹೆತ್ತೋಳು, ನನಗೆ ತಡೆಯಲ್ಲ," ಎಂದು ಮುದುಕಿ ಮೂಗು ಒರೆಸಿಕೊಂಡಳು. "ಅವನಿಗೆ ಹೇಳ್ಬೇಡ."

ಆ ವಾರವೇ ಅವಳು ದಪ್ಪ ಬಟ್ಟೆಯಲ್ಲಿ ಎರಡು ಉದ್ದನೆಯ ಕೋಟು ಹೊಲಿದುಕೊಟ್ಟಳು. ಅವು ಪಾಲಿಷ್ ಅಂಗಡಿಯಲ್ಲೇ ಇರತಕ್ಕದ್ದು. ಅಲ್ಲೇ ಕಳಚಿ, ಕೈಕಾಲು ತೊಳೆದು, ಬೇರೆ ಅಂಗಿಯಲ್ಲಿ ಮನೆಗೆ ಬರತಕ್ಕದ್ದು. ಇಷ್ಟು ಸುಲಭದ ಉಪಾಯ ಎರಡು ವರ್ಷ ಮೂವರ ತಲೆಗೂ ಹೊಳೆದಿರಲಿಲ್ಲ. ಮೊದಲ ದಿನ ಅವನು ಸೋಪಿನ ವಾಸನೆಯಲ್ಲಿ ಬಂದು ಕೈ ಚಾಚಿದಾಗ ಮಗಳು ಯಾರೋ ಹೊಸಬ ಬಂದನೆಂದು ಕಿರುಚಿ ಅಜ್ಜಿಯ ಎದೆಗೆ ಮುಖ ಒತ್ತಿಕೊಂಡಳು. ಅವನು ತಲೆ ಬಗ್ಗಿಸಿದ. ಕೂದಲಲ್ಲಿ ಸ್ಪಿರಿಟ್ ಇನ್ನೂ ಸ್ವಲ್ಪ ಉಳಿದಿತ್ತು. ಮಗು ಮೂಸಿತು, ಅಪ್ಪನನ್ನು ಗುರುತಿಸಿತು, ಎರಡೂ ಕೈಯಲ್ಲಿ ಕೂದಲು ಹಿಡಿದು ಎಳೆಯಿತು.

"ನೋಡು, ಇವಳಿಗೆ ಮಾತ್ರ ಈ ವಾಸನೆ ಇಷ್ಟ," ಎಂದ.

ಈಗ ಮಗಳಿಗೆ ಮೂರು ವರ್ಷ. ಅವನು ಒಂದು ತೊಟ್ಟೂ ಮುಟ್ಟಿಲ್ಲ. ಗಂಟಲಿನ ಮರದ ಪುಡಿ ಟೀಯಲ್ಲೂ ಚೆನ್ನಾಗಿಯೇ ಇಳಿಯುತ್ತದೆ ಎನ್ನುತ್ತಾನೆ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆಗೆ ಹೋಗುತ್ತಾರೆ. ಹೋದ ಸಲ ಡಾಕ್ಟರಮ್ಮನ ಮೇಜಿನ ಎದ್ದ ಪಾಲಿಷನ್ನು ಭಾನುವಾರ ಹೋಗಿ ಸರಿ ಮಾಡಿಬಂದ. ಉಡುಪಿನ ಅಂಗಡಿಯ ಕೆಲಸ ಹೆಚ್ಚಿ ಅವಳಿಗೆ ಈಗ ದಿನಕ್ಕೆ ಇಪ್ಪತ್ತು ಸೂಜಿ ಬೇಕು. ಬೆಳಿಗ್ಗೆ ಟೀ ಲೋಟದ ಪಕ್ಕ ಸೂಜಿದಿಂಬು ಬರುತ್ತದೆ, ಮಗಳು ದಾರದ ಉಂಡೆ ಹಿಡಿದು ತೊಡೆಯೇರುತ್ತಾಳೆ. ಪರೀಕ್ಷೆ ಎಂದೋ ಮುಗಿಯಿತು, ಇನ್ನು ನಾನೇ ಹಾಕಿಕೊಳ್ಳುತ್ತೇನೆ ಎಂದು ಅವಳು ಒಮ್ಮೆ ಹೇಳಿ ನೋಡಿದ್ದಳು.

"ನಿನ್ನ ಕೈಗೆ ಅಷ್ಟು ಬೇಗ ಆಗಲ್ಲ ಬಿಡು," ಎಂದು ಅವನು ಮುಂದಿನ ಸೂಜಿಯನ್ನು ಬೆಳಕಿಗೆ ಹಿಡಿದ.