ತೋಳದ ಬಿಲಕ್ಕೆ ನಾನು ಹಾಕಿದ ಸುಣ್ಣ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಹಿರೋಳ್ಳಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಒಮ್ಮೆ ಶಿಕ್ಷಕರ ತರಬೇತಿಯಲ್ಲಿ ಹಿಮಾಲಯದ ಹಿಮ ಚಿರತೆಯ ಚಿತ್ರಗಳನ್ನು ತೋರಿಸಿದರು. ಊರಿಗೆ ಮರಳಿದ ಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಹಿಮ ಬಿಡಿ, ಆಲಿಕಲ್ಲನ್ನೂ ಜೀವನದಲ್ಲಿ ಎರಡೇ ಸಲ ಕಂಡವನು ನಾನು. ಆದರೂ ಆ ಬೂದು ಪ್ರಾಣಿ, ಅದರ ಉದ್ದ ಬಾಲ, ಅದು ಕುರಿ ಹಿಡಿದಾಗ ಅಲ್ಲಿಯ ಕುರಿಗಾಹಿಗಳು ಅದನ್ನು ಕೊಲ್ಲುವುದು, ಎಲ್ಲವನ್ನೂ ಕಣ್ಣಾರೆ ಕಂಡವನಂತೆ ಚಾವಡಿಯಲ್ಲಿ ಕೂತು ವಿವರಿಸಿದೆ. ಅದು ಮರಿ ಹಾಕುವ ಜಾಗವನ್ನು ಗುರುತಿಸಿ ಕಾಯಬೇಕು ಎಂದು ತರಬೇತಿಯ ಮಾತನ್ನೇ ಒಪ್ಪಿಸಿದೆ.

ಊರಿನವರೆಲ್ಲ ಮುತ್ಯಾ ಎನ್ನುತ್ತಿದ್ದ ಕುರಿ ಕಾಯುವ ಮುದುಕ ಕೇಳಿದ: “ಕುರಿ ಕಳಕೊಂಡಾಂವಗ ಏನ್ ಕೊಡ್ತಾರ್ರಿ ಮಾಸ್ತರ?”

ನನಗೆ ಗೊತ್ತಿರಲಿಲ್ಲ. “ಅದು ಬ್ಯಾರೆ ವಿಷಯ” ಎಂದೆ.

“ನನಗ ಅದೇ ವಿಷಯ್ರಿ. ಹ್ವಾದ ವಾರ ತ್ವಾಳ ನಂದೊಂದು ಕುರಿಮರಿ ಒಯ್ದದ. ಹಳ್ಳದ ಆಚಿಗೆ ಅದೂ ಮರಿ ಹಾಕ್ಯದ.”

ಜನ ನಕ್ಕರು. ನನಗೆ ಮಾತ್ರ ಹುರುಪು ಬಂತು. ಹಿಮಾಲಯಕ್ಕೆ ಹೋಗುವ ಖರ್ಚೇ ಉಳಿಯಿತು. ಮರುದಿನ ಮುತ್ಯಾನನ್ನು ಕಾಡಿಬೇಡಿ ಬಿಲ ತೋರಿಸಿಕೊಂಡೆ. ಹತ್ತಿರದಲ್ಲೇ ಕೂಲಿಯವರು ರಸ್ತೆಗೆಂದು ಗರಸು ಮಣ್ಣು ಅಗೆಯುತ್ತಿದ್ದರು. ಅವರು ಇತ್ತ ಬಾರದಿರಲೆಂದು ಸಂಜೆ ನಾನೊಬ್ಬನೇ ಸುಣ್ಣದ ಪುಡಿ ಒಯ್ದು ಬಿಲದ ಸುತ್ತ ಚೌಕ ಎಳೆದೆ. ಹಗ್ಗ ಹಿಡಿದು ಎಳೆದೆ. ನಾಲ್ಕೂ ಮೂಲೆ ಸರಿಯಾಗಿ ಬಂದವೆಂದು ಹೆಮ್ಮೆಪಟ್ಟೆ.

ನಮ್ಮ ಕಡೆ ಮನೆಯ ಪಾಯವಿರಲಿ, ಬಾವಿಯಿರಲಿ, ಅಗೆಯುವ ಜಾಗಕ್ಕೆ ಮೊದಲು ಸುಣ್ಣದಿಂದ ಚೌಕ ಹಾಕುತ್ತಾರೆ. ಅಕ್ಷರ ಬಾರದವರಿಗೂ ತಿಳಿದ ಈ ಸಂಗತಿ ವಿಜ್ಞಾನದ ಮಾಸ್ತರನಿಗೆ ಹೊಳೆಯಲಿಲ್ಲ.

ಮೂರನೆಯ ದಿನ ಹೋದೆ. ಚೌಕದ ಒಂದು ಬದಿಯನ್ನು ಮೊಣಕಾಲಾಳ ಅಗೆದಿದ್ದರು. ಮಣ್ಣಿನ ಗುಡ್ಡೆಯ ಪಕ್ಕದಲ್ಲಿ ಒಂದು ತೋಳದ ಮರಿ ಸತ್ತು ಬಿದ್ದಿತ್ತು. ಕಣ್ಣು ಬಿಟ್ಟು ಒಂದೆರಡು ದಿನವಷ್ಟೇ ಆಗಿರಬೇಕು. ಎಡಗಿವಿಯ ತುಂಬ ಗರಸು. ಬಲಗಿವಿ ಸ್ವಚ್ಛವಾಗಿತ್ತು. ಇದನ್ನು ನಾನು ಇಂದಿಗೂ ಮರೆತಿಲ್ಲ.

ಬಿಲದ ಬಾಯಿಗೆ ಅಡ್ಡಲಾಗಿ ಮುತ್ಯಾ ಕೂತಿದ್ದ. ಕೂಲಿಯವರ ಮುಕಾದಮ ಎದುರಿಗೆ ನಿಂತು ಬೈಯುತ್ತಿದ್ದವನು ನನ್ನತ್ತ ತಿರುಗಿದ.

“ಸುಣ್ಣ ಹಾಕಿದೋರು ನೀವೇ ಅಂತಲ್ರಿ? ಈಗ ಅಗೀಬ್ಯಾಡ ಅಂತಾನ ಈ ಮುದುಕ. ಯಾರ ಮಾತು ಕೇಳ್ಬೇಕ್ರಿ ನಾವು?”

ತಪ್ಪು ನನ್ನದೆಂದೆ. ಮಂಡಿಯೂರಿ ಬರಿಗೈಯಿಂದ ಗೆರೆ ಅಳಿಸತೊಡಗಿದೆ. ಮುಕಾದಮ ತಲೆ ಚಚ್ಚಿಕೊಂಡು ತನ್ನ ಜನರನ್ನು ಕರೆದುಕೊಂಡು ಹೋದ.

“ನಾ ಬರೂದ್ರಾಗ ಒಂದು ಹ್ವಾತು,” ಮುತ್ಯಾ ಹೇಳಿದ. “ಒಳಗ ಇನ್ನಾ ಮೂರು ಅದಾವ.”

“ಈ ತ್ವಾಳ ನಿನ್ನ ಕುರಿಮರಿ ತಿಂದದಲ್ಲ ಮುತ್ಯಾ, ಮತ್ತ ಯಾಕ ಕುಂತಿ?”

“ನನ್ನ ಜಗಳ ಈ ಮರಿಗೋಳ ಅವ್ವನ ಕೂಡ ಅದರಿ. ಇವಕ್ಕ ಇನ್ನಾ ಹಲ್ಲೇ ಬಂದಿಲ್ಲ.” ನನ್ನ ಕೈ ನೋಡಿದ. “ಅಷ್ಟು ಚಂದ ಗೆರಿ ಯಾಕ ಹಾಕಿದ್ರಿ ಮಾಸ್ತರ?”

ನಾಲ್ಕು ದಿನದ ಮೇಲೆ ಬಿಲ ಬರಿದಾಗಿತ್ತು. ಮುತ್ಯಾನನ್ನು ಹುಡುಕಿಕೊಂಡು ಹೋದೆ.

“ಮೂರನ್ನೂ ತಾಯಿ ಬಾಯಾಗ ಹಿಡಕೊಂಡು ಬ್ಯಾರೆ ಕಡಿ ಒಯ್ತು. ನಾನೇ ನೋಡೀನಿ.”

“ಎಲ್ಲಿಗೆ ಮುತ್ಯಾ?”

ಮುತ್ಯಾ ಕಂಬಳಿ ಹೆಗಲಿಗೇರಿಸಿ ಕುರಿಗಳನ್ನು ಎಬ್ಬಿಸಿದ.

“ಅದೊಂದು ನಿಮಗ ಹೇಳಂಗಿಲ್ರಿ.”