ಕೊಂಡಿಗೆ ಇಟ್ಟ ಚುಕ್ಕಿ

೧೯೭೪ರಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟು ಹಚ್ಚೆಯ ಮಷೀನು ಹಿಡಿದೆ. ಘತ್ತರಗಿಯ ಗುಡಿಗೆ ಬರುವ ಭಕ್ತರ ಕೈಗಳೇ ನನ್ನ ಪಾಟಿ. ನಾನು ಎಳೆದ ಗೆರೆ ಸೊಟ್ಟಗಾದದ್ದಿಲ್ಲ.

ನಮ್ಮ ಕಡೆ ಕಲ್ಲು ಎತ್ತುವವರು ಮುಂಗೈಗೆ ಚೇಳಿನ ಹಚ್ಚೆ ಹಾಕಿಸುತ್ತಾರೆ, ಕಲ್ಲಿನಡಿಯ ಚೇಳು ಕಡಿಯಬಾರದೆಂದು. ಕೊನೆಗೆ ಕೊಂಡಿಯ ತುದಿಗೆ ಒಂದು ಚುಕ್ಕಿ ಇಡಬೇಕು. ಅದಕ್ಕೆ ಕೊಂಡಿ ಕಟ್ಟುವುದು ಎನ್ನುತ್ತೇವೆ.

೧೯೮೬ರ ಸುಮಾರಿಗೆ ಜೇವರ್ಗಿ ಕಡೆಯ ಒಂದು ಊರಿನಲ್ಲಿ ಕೆಲವು ಹುಡುಗರು ಗುಂಪು ಕಟ್ಟಿಕೊಂಡು, ಊರ ಬಾವಿಗೆ ಬಂದರೆಂದು ದಲಿತರನ್ನು ಹೊಡೆದರು. ಗುಂಪಿನ ಗುರುತಿಗೆ ಅದೇ ಚೇಳು, ಚುಕ್ಕಿಯಿಲ್ಲದೆ. ನನ್ನಲ್ಲಿಗೂ ಬಂದಿದ್ದರು. ಚುಕ್ಕಿ ಬೇಡವೆಂದಾಗ ಮಷೀನು ಮುಚ್ಚಿಟ್ಟೆ.

ಅದೇ ಬೇಸಿಗೆ ನಿಂಬರ್ಗಾದ ಗೌಂಡಿ ಮಲ್ಲಪ್ಪ ಬಂದು ಕೈ ಚಾಚಿದ. ಏಟು ತಿಂದ ದಲಿತರ ಕೇರಿಗೆ ಮನೆ ಕಟ್ಟಲು ಹೋಗಿದ್ದವನ ಚೇಳು ನೋಡಿ, ಆ ಗುಂಪಿನವನೆಂದು ಕೇರಿಯ ಹಿರಿಯಳು ಭೀಮವ್ವ ಪಾಯದಿಂದಲೇ ಹೊರಗೆ ಕಳಿಸಿದ್ದಳು. ಮಳೆ ಹತ್ತಿರವಿತ್ತು, ಗೋಡೆ ಏಳದಿದ್ದರೆ ಅವರಿಗೆ ಸೂರಿಲ್ಲ, ಇವನಿಗೆ ಕೆಲಸವಿಲ್ಲ.

"ಇದನ್ನ ಅಳಿಸಿಬಿಡ್ರಿ, ಉಸ್ತಾದ್."

"ಹಚ್ಚಿ ಅಳಸಾಕ ಬರಂಗಿಲ್ಲೋ. ನಿನ್ನ ಚುಕ್ಕಿ ಎಲ್ಲಿ ಅದ?"

ಅವನು ನಾಚಿದ. "ಸಣ್ಣಾಂವ ಇದ್ದಾಗ ಸೂಜಿ ಉರಿ ತಾಳಲಾರ್ದ ಅಳಕೋತ ಓಡಿದ್ಯಾರಿ. ಚುಕ್ಕಿ ಇಡೋದು ಉಳೀತು."

ಇಬ್ಬರೂ ಬಸ್ಸು ಹತ್ತಿ ಕೇರಿಗೆ ಹೋದೆವು. ಮಾತು ಕೇಳಿದ ಭೀಮವ್ವ ಬಳೆ ಸರಿಸಿ ತೋರಿಸಿದಳು. ಅಲ್ಲಿಯೂ ಚೇಳು, ಕೊಂಡಿಗೆ ಚುಕ್ಕಿ.

"ಚುಕ್ಕಿ ಯಾರ ಬೇಕಾದ್ರೂ ಇಟ್ಕೋತಾರ. ಇವಗ ನಮ್ಮ ಅಂಗಳದಾಗ ಇಡ್ರಿ, ಊರ ಮಂದಿ ನೋಡ್ಲಿ. ಆಮ್ಯಾಗ ನಮ್ಮ ನೀರು ಕುಡೀಲಿ."

ಮಲ್ಲಪ್ಪನ ಓಣಿಯವರು ಕೇರಿಯ ನೀರು ಮುಟ್ಟುತ್ತಿರಲಿಲ್ಲ. ದಾರಿಯಾಚೆ ಕಟ್ಟೆಯ ಮೇಲೆ ಆ ಗುಂಪಿನ ಹುಡುಗರು ಕೂತಿದ್ದರು. ಅವನು ಒಮ್ಮೆ ಅತ್ತ ನೋಡಿ, ಅಂಗಳದಲ್ಲಿ ಕೂತ. ಅವನ ಮಣಿಕಟ್ಟನ್ನು ಭೀಮವ್ವನೇ ಹಿಡಿದಳು.

"ಈ ಸಲ ಓಡಬ್ಯಾಡಲೇ, ಗೌಂಡಿ!"

ಹೆಂಗಸರು ನಕ್ಕರು. ಚುಕ್ಕಿ ಬಿತ್ತು. ಮಲ್ಲಪ್ಪ ಅವಳ ತಂಬಿಗೆ ಎತ್ತಿ ಗಟಗಟ ಕುಡಿದ. ಮಳೆಗೆ ಮೊದಲೇ ಗೋಡೆಗಳು ಎದ್ದವು.

ಮರುವರ್ಷ ಆ ಗುಂಪಿನವನೇ ಒಬ್ಬ ನನ್ನೆದುರು ಮುಂಗೈ ಚಾಚಿದ. "ನನಗೂ ಚುಕ್ಕಿ ಇಡ್ರಿ."

"ಇಲ್ಲಿ ಅಲ್ಲೋ ತಮ್ಮಾ, ಭೀಮವ್ವನ ಅಂಗಳದಾಗ. ಆಕಿ ಕೈ ಹಿಡದ್ರ ಇಡ್ತೇನಿ."

ಆಕೆ ಕೂಡಲೇ ಹಿಡಿಯಲಿಲ್ಲ. ಎರಡು ಸಲ ಬಾಗಿಲಿಂದಲೇ ತಿರುಗಿ ಕಳಿಸಿ, ಆಮೇಲೆ ಹಿಡಿದಳು.

ಗೆರೆಯನ್ನು ಯಾರು ಬೇಕಾದರೂ ಕದಿಯಬಹುದು. ಕೈ ಚಾಚಿದವನು ಯಾರ ಅಂಗಳದಲ್ಲಿ ಕೂರಲು ಸಿದ್ಧನಿದ್ದಾನೆ ಎಂದು ನೋಡುವುದನ್ನು ನನಗೆ ಈ ಕೆಲಸ ಕಲಿಸಿತು.

ಈಗ ನನಗಿರುವುದು ಒಂದು ಪಕ್ಕಾ ಅಂಗಡಿ, ಎರಡು ಮಷೀನು, ಮೂವರು ಮಕ್ಕಳು. ಹೆಮ್ಮೆಯಿಂದ ಹೇಳಿಕೊಳ್ಳುವ ಚುಕ್ಕಿ, ಎರಡು.